ಲಕ್ವಾ ಹೊಡೆದು ಮಾತು ನಿಂತಿದೆ, ಚೌಡಯ್ಯನವರ ಪಿಟೀಲು ಕೇಳಿಸಿದರೆ ಅಪ್ಪನಿಗೆ ಮಾತು ಬರುತ್ತದೆಯೇ?

ಬರೀ ಕೇಳಿಸಿದರೆ ಸಾಲದು, ಹಾಡಿಸಬೇಕು. ಇಂಥ ರಾಗಕ್ಕೆ ಇಂಥ ಕಾಯಿಲೆ ವಾಸಿ ಎಂದು ವಾಟ್ಸಾಪ್‌ನಲ್ಲಿ ಬರುವ ಪಟ್ಟಿಗಳನ್ನು ನಂಬಬೇಡಿ. ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ.

ಬಹುತೇಕರಿಗೆ ಮಾತು ಮೆದುಳಿನ ಎಡಭಾಗದ ಕೆಲಸ. ಹಾಡಿಗೆ ಬಲಭಾಗವೂ ದುಡಿಯುತ್ತದೆ. ಅದಕ್ಕೇ ‘ನೀರು’ ಎನ್ನಲು ಆಗದವರು ಎಷ್ಟೋ ಸಲ ಬಾಯಿಪಾಠದ ಹಾಡನ್ನು ಪದಸಮೇತ ಹಾಡಿಬಿಡುತ್ತಾರೆ. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದಲ್ಲಿ ಒಂದು ಚಿಕಿತ್ಸೆ ರೂಪಿಸಿದರು. ‘ನೀರು ಬೇಕು’ ಎಂಬಂಥ ಸಣ್ಣ ಮಾತನ್ನು ಏರು-ಇಳಿ ಎರಡೇ ಸ್ವರದಲ್ಲಿ ಎಳೆದು ಹಾಡಿಸುತ್ತ, ಎಡಗೈಯಿಂದ ತಾಳ ಹಾಕಿಸುತ್ತಾರೆ. ಎಲ್ಲರಿಗೂ ಫಲಿಸುವುದಿಲ್ಲ, ಆದರೆ ಕೈಬಿಡುವಂಥದ್ದಲ್ಲ.

ಇನ್ನು ಚೌಡಯ್ಯನವರು (1895–1967). ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಲೆಂದು ಏಳು ತಂತಿಯ ಪಿಟೀಲು ಹಿಡಿದವರು. ಬಹುಪಾಲು ಬದುಕು ಹಾಡುಗಾರರ ಪಕ್ಕವಾದ್ಯದಲ್ಲೇ ಕಳೆದು, 1957ರಲ್ಲಿ ಮದ್ರಾಸ್ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಪಡೆದರು. ಕೊರಳನ್ನೇ ಹಿಂಬಾಲಿಸುವ ಈ ವಾದ್ಯದಲ್ಲಿ ಗೊತ್ತಿರುವ ಹಾಡು ಕೇಳಿದರೆ ಸಾಹಿತ್ಯ ತಾನಾಗಿ ನೆನಪಾಗುತ್ತದೆ. ಮನಸ್ಸಿನ ಕಳವಳವೂ ಇಳಿಯುತ್ತದೆ, ಅದೇನು ಸಣ್ಣದಲ್ಲ. ಧಾರಾಳವಾಗಿ ಕೇಳಿಸಿ.

ನಿಮ್ಮದು ಜಗನ್ನಾಥದಾಸರ ಮಾನ್ವಿ, ಅಪ್ಪ ಭಜನೆಯವರು ಎಂದು ಬರೆದಿದ್ದೀರಿ. ಹಾಗಾದರೆ ಅವರಿಗೆ ಚೆನ್ನಾಗಿ ಬರುವ ದಾಸರ ಪದವನ್ನೇ ನಿಧಾನವಾಗಿ ಎತ್ತಿಕೊಳ್ಳಿ. ಸಾಲಿನ ಕೊನೆಯ ಪದ ಬಿಟ್ಟು, ಅವರ ಮುಖ ನೋಡುತ್ತ ಕಾಯಿರಿ. ತಪ್ಪಿದರೆ ತಿದ್ದಬೇಡಿ, ಇನ್ನೊಮ್ಮೆ ಜೊತೆಗೆ ಹಾಡಿ. ವಾಕ್ ಚಿಕಿತ್ಸಕರನ್ನೂ ತಡಮಾಡದೆ ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಇಂಥ ತೊಂದರೆಗಳಿಗೇ. ಮೊದಲ ಕೆಲವು ತಿಂಗಳಲ್ಲೇ ಚೇತರಿಕೆ ಹೆಚ್ಚು.