ನಮ್ಮ ಹೋಂಸ್ಟೇ ಜವಾಬ್ದಾರಿಯಿಂದ ನಡೆಯುತ್ತಿದೆ ಅಂತ ತೋರಿಸಲು ಯಾವ ಸರ್ಟಿಫಿಕೇಟ್ ಮಾಡಿಸಬೇಕು?

ಗೋಕರ್ಣದ ಹತ್ತಿರ ನಾಲ್ಕು ರೂಮು, ಟೂರ್ ಕಂಪನಿಯವರು ರಿಪೋರ್ಟ್ ಕೇಳಿದ್ದಾರೆ, ಕನ್ಸಲ್ಟೆಂಟ್ ಹಿಡಿಯಲಾ ಅಂತ ಬರೆದಿದ್ದೀರಿ. ಓದುತ್ತಾ ಓದುತ್ತಾ ನನ್ನದೇ ಹಳೇ ಮೊಬೈಲ್ ಮೆಸೇಜು ಓದಿದ ಹಾಗಾಯಿತು. ಇದೇ ಪ್ರಶ್ನೆಯನ್ನು ನಾನೂ ಕಂಡಕಂಡವರಿಗೆಲ್ಲ ಕೇಳಿದ್ದೆ.

ನಮ್ಮದು ಶಿರಸಿ ಪಕ್ಕದ ಹಳ್ಳಿ. ತೋಟದ ಮೇಲ್ಗಡೆ ಹಳೇ ಮನೆ, ಅದಕ್ಕೆ ತಾಗಿಸಿ ಕಟ್ಟಿದ ಐದು ರೂಮು. ಯಾಣ, ಬನವಾಸಿ ನೋಡಲು ಬಂದವರು ಉಳಿಯುತ್ತಾರೆ. ಒಂದು ಟೂರ್ ಕಂಪನಿ ವರ್ಷಕ್ಕೆ ನಾಲ್ಕೈದು ಗುಂಪು ಕಳಿಸುವ ಮಾತಾಡಿತ್ತು. ಅವರು ಕೇಳಿದ್ದು ಇಷ್ಟೇ: ನೀರು, ಕರೆಂಟು, ಕಸ, ಊರಿನವರಿಗೆ ಹೋದ ದುಡ್ಡು, ಇವುಗಳ ಲೆಕ್ಕ ಕಳಿಸಿ.

ನನಗೆ ಖುಷಿಯೋ ಖುಷಿ. ಯಾಕೆಂದರೆ ಟ್ಯಾಂಕಿನಿಂದ ರೂಮುಗಳಿಗೆ ಇಳಿಯುವ ಪೈಪಿಗೆ ಮೊದಲೇ ಮೀಟರ್ ಹಾಕಿಸಿದ್ದೆ. ಪ್ರತಿ ತಿಂಗಳ ಒಂದನೇ ತಾರೀಕು ಓದಿ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗೀಚಿಡುತ್ತಿದ್ದೆ. ಕೂಡಿಸಿದೆ. 2023ರಲ್ಲಿ 3,60,000 ಲೀಟರ್. 2024ರಲ್ಲಿ 2,70,000. ಹಸಿರು ಎಲೆಯ ಚಿತ್ರ ಹಾಕಿ, 'ನೀರಿನ ಬಳಕೆ ಶೇ. 25 ಕಡಿಮೆ ಮಾಡಿದ್ದೇವೆ' ಅಂತ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದೆ.

ಎರಡು ದಿನ ಬಿಟ್ಟು ಆ ಕಂಪನಿಯ ಹುಡುಗಿ ಫೋನ್ ಮಾಡಿದಳು. ಬಹಳ ಮರ್ಯಾದೆಯಿಂದ ಒಂದೇ ಮಾತು ಕೇಳಿದಳು. 'ಸರ್, ಆ ವರ್ಷ ಎಷ್ಟು ಜನ ಉಳಿದಿದ್ರು?'

ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು.

2024 ನೆನಪಿದೆ ಅಲ್ವಾ? ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆ ಸುದ್ದಿ ಟಿವಿಯಲ್ಲಿ ವಾರಗಟ್ಟಲೆ ಬಂತು. ಘಟ್ಟದ ಕಡೆ ಬರುವುದೇ ಬೇಡ ಅಂತ ಬುಕಿಂಗ್ ಸಾಲಾಗಿ ಕ್ಯಾನ್ಸಲ್ ಆದವು. ರಿಜಿಸ್ಟರ್ ತೆಗೆದು ಎಣಿಸಿದೆ. ಒಬ್ಬರು ಒಂದು ರಾತ್ರಿ ಉಳಿದರೆ ಒಂದು ಅಂತ ಲೆಕ್ಕ ಹಿಡಿದರೆ, 2023ರಲ್ಲಿ 1,500. 2024ರಲ್ಲಿ ಬರೀ 900.

ಈಗ ಭಾಗಿಸಿ ನೋಡಿ. ಮೊದಲ ವರ್ಷ ತಲೆಗೆ ರಾತ್ರಿಗೆ 240 ಲೀಟರ್. ಮರುವರ್ಷ 300. ಶೇ. 25 ಕಡಿಮೆ ಅಂತ ಡಂಗುರ ಸಾರಿದವನ ಮನೆಯಲ್ಲಿ ಬಳಕೆ ಶೇ. 25 ಜಾಸ್ತಿ ಆಗಿತ್ತು! ನೀರು ಉಳಿದದ್ದು ಜನ ಬಾರದೇ ಹೋದದ್ದಕ್ಕೆ. ಅದಕ್ಕೆ ನಾನು ಎಲೆಯ ಚಿತ್ರ ಹಾಕಿದ್ದೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಸುತ್ತಮುತ್ತಲಿನ ಹೋಂಸ್ಟೇಗಳ ಐದಾರು ರಿಪೋರ್ಟು ಆಮೇಲೆ ನೋಡಿದೆ. ಎಲ್ಲದರಲ್ಲೂ ಇದೇ ತಪ್ಪು. ಒಟ್ಟು ಲೀಟರ್, ಒಟ್ಟು ಯೂನಿಟ್, ಒಟ್ಟು ಸಿಲಿಂಡರ್. ಒಟ್ಟು ಲೆಕ್ಕ ಬಾವಿಗೆ ಬೇಕು, ಬಾವಿಗೆ ನಿಮ್ಮ ಗಿರಾಕಿ ಎಷ್ಟು ಜನ ಅನ್ನೋದು ಸಂಬಂಧ ಇಲ್ಲ. ಆದರೆ ನೀವು ಸುಧಾರಿಸಿದಿರಾ ಇಲ್ಲವಾ ಅಂತ ನೋಡಲು ತಲೆ-ರಾತ್ರಿಯಿಂದ ಭಾಗಿಸಲೇಬೇಕು. ನಾಲ್ಕು ಜನರ ಸಂಸಾರ ಎರಡು ರಾತ್ರಿ ಉಳಿದರೆ ಎಂಟು. ಮಗುವನ್ನೂ ಎಣಿಸಿ. ಜಗುಲಿಯಲ್ಲಿ ಮಲಗುವ ಡ್ರೈವರನ್ನೂ ಎಣಿಸಿ, ಅವನೂ ಸ್ನಾನ ಮಾಡುತ್ತಾನೆ. ನಮ್ಮನೆಯಲ್ಲಿ ಈಗ 'ತಲೆರಾತ್ರಿ' ಅನ್ನೋದು ಒಂದೇ ಶಬ್ದ ಆಗಿಬಿಟ್ಟಿದೆ. ಮಗಳು ಶಾಲೆಯಲ್ಲಿ ಹೇಳಿ ಟೀಚರ್ ಹತ್ತಿರ ಬೈಸಿಕೊಂಡು ಬಂದಳು.

ಆ ಗುಂಪುಗಳು ಬರಲಿಲ್ಲ. ಲೆಕ್ಕ ಜಾಸ್ತಿ ಬಂತು ಅಂತಲ್ಲ, ಸುಳ್ಳು ಹೇಳಿದ ಅಂತ. ನಾನು ಸುಳ್ಳು ಹೇಳಿರಲಿಲ್ಲ, ದಡ್ಡನಾಗಿದ್ದೆ ಅಷ್ಟೇ. ದೂರದಿಂದ ನೋಡಿದವರಿಗೆ ಎರಡೂ ಒಂದೇ.

ಆಮೇಲೆ ತಲೆ ಕೊರೆಯಲು ಶುರುವಾಯಿತು. ಜಾಸ್ತಿಯಾದ ಆ 60 ಲೀಟರ್ ಎಲ್ಲಿ ಹೋಯಿತು? ಅಂಗಳ ತೊಳೆಯುವುದು, ಹೂವಿನ ಗಿಡ, ಇವಕ್ಕೆ ಜನ ಇರಲಿ ಬಿಡಲಿ ನೀರು ಬೇಕು. ಅದು ಕಡಿಮೆ ಜನರ ತಲೆಗೆ ಹಂಚಿಹೋದರೆ ಲೆಕ್ಕ ಏರುತ್ತದೆ, ಸರಿ. ಆದರೆ ಪೂರ್ತಿ ಅದೇ ಆಗಿರಲಿಲ್ಲ. ಗಿರಾಕಿಗಳೇ ಇಲ್ಲದ ಒಂದು ರಾತ್ರಿ ಹತ್ತು ಗಂಟೆಗೆ ಬ್ಯಾಟರಿ ಹಿಡಿದುಕೊಂಡು ಮೀಟರ್ ಹತ್ತಿರ ಕೂತೆ. ಜೀರುಂಡೆ ಸದ್ದು ಬಿಟ್ಟರೆ ಏನೂ ಇಲ್ಲ. ಎಲ್ಲ ನಲ್ಲಿ ಬಂದ್. ಗಾಜಿನ ಒಳಗಿನ ಆ ಪುಟಾಣಿ ಕೆಂಪು ಚಕ್ರ ಮಾತ್ರ, ನಿಂತಿದೆ ಅನ್ನುವಷ್ಟರಲ್ಲಿ ಒಂದು ಹಲ್ಲು ಸರಿಯುತ್ತಿತ್ತು. ಬೆಳಿಗ್ಗೆ ಐದಕ್ಕೆ ನೋಡಿದರೆ 21 ಲೀಟರ್ ಓಡಿದೆ. ಗಂಟೆಗೆ ಮೂರು ಲೀಟರ್. ವರ್ಷಕ್ಕೆ 26,000ದ ಮೇಲೆ. ಕೊನೆಯ ರೂಮಿನ ಕಮೋಡಿನ ಫ್ಲಶ್ ಟ್ಯಾಂಕಿನ ವಾಷರ್ ಹೋಗಿತ್ತು, ಸದ್ದಿಲ್ಲದೆ ಒಳಗೊಳಗೇ ಜಾರುತ್ತಿತ್ತು. ಟ್ಯಾಂಕಿಗೆ ಅರಿಶಿನ ಕದಡಿ ಬಿಟ್ಟಾಗ ಕೆಳಗೆ ಹಳದಿ ಬಂತು. ನಲವತ್ತು ರೂಪಾಯಿ ವಾಷರ್!

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗು ಅಂತ ನನಗೆ ಅನಿಸುತ್ತದೆ. ರಿಪೋರ್ಟ್ ಅಂದರೆ ಕಂಪನಿಯವರಿಗೆ ತೋರಿಸುವ ಕಾಗದ ಅಂತ ನಾವು ತಿಳಿದಿದ್ದೇವೆ. ಮೊದಲು ಅದು ನಿಮಗೆ ಬೇಕು. ಸರ್ಟಿಫಿಕೇಟ್ ಈಗಲೇ ಬೇಡ. ಇಷ್ಟು ತಿಳಿದಿರಿ: ಜಿಎಸ್‌ಟಿಸಿ ಅಂತ ಸುಸ್ಥಿರ ಪ್ರವಾಸೋದ್ಯಮದ ಜಾಗತಿಕ ಮಂಡಳಿ ಇದೆ, ನಿಮ್ಮ ಜಿಎಸ್‌ಟಿ ಅಲ್ಲ. ಅವರು ಮಾನದಂಡ ಮಾಡುತ್ತಾರೆ, ಸರ್ಟಿಫಿಕೇಟ್ ಅವರೇ ಕೊಡುವುದಿಲ್ಲ, ಬೇರೆ ಸಂಸ್ಥೆಗಳು ಕೊಡುತ್ತವೆ. ಅದರಲ್ಲಿ ನಾಲ್ಕು ಭಾಗ: ಆಡಳಿತ, ಊರಿನ ಜನರ ಬದುಕು, ಸಂಸ್ಕೃತಿ, ಪರಿಸರ. ಮಾನದಂಡ ಪುಕ್ಕಟೆ ಓದಲು ಸಿಗುತ್ತದೆ. ಓದಿ, ನಿಮಗೆ ಹೊಂದುವುದಕ್ಕೆ ಗೆರೆ ಎಳೆದುಕೊಳ್ಳಿ. ಒಂದು ವರ್ಷದ ಲೆಕ್ಕ ಕೈಯಲ್ಲಿಲ್ಲದೆ ಕನ್ಸಲ್ಟೆಂಟ್ ಹಿಡಿದರೆ ಅವನು ಏನನ್ನು ಬರೆಯಬೇಕು? ನನ್ನ ಎಲೆಯ ಚಿತ್ರವನ್ನೇ ಇನ್ನೂ ಚಂದ ಮಾಡಿ ಕೊಡುತ್ತಾನೆ.

ನೀರು ತಿಂಗಳವಾರು ಬರೆಯಿರಿ, ವರ್ಷದ ಸರಾಸರಿ ನಂಬಬೇಡಿ. ಆಷಾಢದಲ್ಲಿ 300 ಲೀಟರ್ ಬಳಸಿದರೆ ಯಾರಿಗೂ ನಷ್ಟ ಇಲ್ಲ. ಏಪ್ರಿಲ್-ಮೇನಲ್ಲಿ 200 ಬಳಸಿದರೂ ಪಕ್ಕದ ಮನೆಯ ಬಾವಿ ತಳ ಕಾಣಬಹುದು. ನಿಮ್ಮದು ಸಮುದ್ರದ ದಂಡೆ, ಸೆಲೆಗೆ ಉಪ್ಪು ನುಗ್ಗುವ ಭಯ ಬೇರೆ. ಟ್ಯಾಂಕರ್ ತರಿಸಿದರೆ ಎಷ್ಟು ಸಲ ಅಂತ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.

ಕಸಕ್ಕೆ ನಾನು ಅಡಿಕೆ ತೂಗುವ ತಕ್ಕಡಿಯನ್ನೇ ಬಳಸುತ್ತೇನೆ. ಪ್ಲಾಸ್ಟಿಕ್ ಚೀಲ ಹೊರಗೆ ಹೋಗುವ ಮೊದಲು ಒಂದು ಸಲ ಕೊಕ್ಕೆಗೆ. ಗ್ಯಾಸಿನ ಲೆಕ್ಕ ಸುಲಭ, ಒಂದು ಕೆಜಿ ಗ್ಯಾಸ್ ಸುಟ್ಟರೆ ಸುಮಾರು ಮೂರು ಕೆಜಿ ಇಂಗಾಲದ ಡೈಆಕ್ಸೈಡ್. 19 ಕೆಜಿಯ ದೊಡ್ಡ ಸಿಲಿಂಡರ್ ಅಂದರೆ 57 ಕೆಜಿ ಆಯಿತು. ಕರೆಂಟಿಗೆ ಯೂನಿಟ್ಟಿಗೆ 0.7 ಕೆಜಿ ಹಿಡಿಯಿರಿ. ಆದರೆ 'ಕಾರ್ಬನ್ ನ್ಯೂಟ್ರಲ್', ಅಂದರೆ ನಮ್ಮಿಂದ ಇಂಗಾಲದ ಹೊರೆಯೇ ಇಲ್ಲ, ಅಂತ ಬೋರ್ಡ್ ಮಾತ್ರ ಹಾಕಬೇಡಿ. ಬೆಂಗಳೂರಿನಿಂದ ಒಂದು ಕಾರು ಬಂದು ಹೋದರೆ ನೂರು ಕೆಜಿ ದಾಟುತ್ತದೆ, ನಿಮ್ಮ ಸೋಲಾರ್ ದೀಪ ಅದರ ಮುಂದೆ ಯಾವ ಲೆಕ್ಕ? ಬೇಕಾದರೆ ಗೋಕರ್ಣ ರೋಡ್ ಸ್ಟೇಷನ್ನಿಗೆ ರೈಲಲ್ಲಿ ಬಂದವರು ಎಷ್ಟು ಅಂತ ಎಣಿಸಿ ಹಾಕಿ. ಅದು ಕೆಲಸದ ಲೆಕ್ಕ.

ಊರಿಗೆ ಹೋದ ದುಡ್ಡಿನ ವಿಷಯದಲ್ಲಿ ನೀವು ನಮಗಿಂತ ಪುಣ್ಯವಂತರು. ಸಾಣಿಕಟ್ಟಾ ಉಪ್ಪು ಪಕ್ಕದಲ್ಲೇ, ಅಘನಾಶಿನಿ ಹೊಳೆಯ ಬಳಚು (ಚಿಪ್ಪು ಮೀನು), ಹಾಲಕ್ಕಿ ಸಮುದಾಯದ ಹೆಂಗಸರು ತರುವ ತರಕಾರಿ. ಆದರೆ ಇವರು ಯಾರೂ ಬಿಲ್ ಕೊಡುವುದಿಲ್ಲ. ಬಿಲ್ ಇಲ್ಲದ್ದು ರಿಪೋರ್ಟಿನಲ್ಲಿ ಕಾಣುವುದಿಲ್ಲ, ಸೂಪರ್ ಮಾರ್ಕೆಟ್ಟಿನದು ಮಾತ್ರ ಕಾಣುತ್ತದೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ತಾರೀಕು, ಏನು, ಎಷ್ಟು, ಯಾವ ಊರಿನವರು. ನಮ್ಮದು ಅಡುಗೆಯ ಅಕ್ಕನೇ ಬರೆಯುತ್ತಾರೆ. ನನಗಿಂತ ಸರಿಯಾಗಿ.

ರಿಪೋರ್ಟನ್ನು ಈಗ ನಾನು ಊಟದ ಕೋಣೆಯ ಗೋಡೆಗೆ ಅಂಟಿಸುತ್ತೇನೆ. ಹೊನ್ನಾವರದ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅಂತ ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಪಟ್ಟ ಬಂತಲ್ಲ, ಅದಕ್ಕೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ಬೀಚಿನಲ್ಲೇ ಹಾಕಬೇಕು ಅನ್ನುವ ನಿಯಮ ಇದೆ. ಅಲ್ಲಿಂದ ಕದ್ದ ಉಪಾಯ. ವಾಷರ್ ಹೋದ ಕಥೆಯೂ ಅಲ್ಲೇ ಇದೆ. ಮೊಸರನ್ನ ಉಣ್ಣುತ್ತಾ ಓದಿ ನಗುತ್ತಾರೆ, ಆಮೇಲೆ ತಮ್ಮ ಮನೆಯ ಫ್ಲಶ್ ಬಗ್ಗೆ ವಿಚಾರಿಸುತ್ತಾರೆ.

ಮೀಟರ್ ತರಲು ನಾಳೆಯೇ ಹೋಗಿ. ಪ್ಲಂಬರ್ ಹಾಕುವಾಗ ಪಕ್ಕದಲ್ಲೇ ನಿಂತಿರಿ. ಮೈಮೇಲೆ ಬಾಣದ ಗುರುತು ಇರುತ್ತದೆ, ಅದು ನೀರು ಹರಿಯುವ ಕಡೆಗೇ ಇರಬೇಕು. ನಮ್ಮವನು ಉಲ್ಟಾ ಕೂರಿಸಿ ಹೋಗಿದ್ದ. ಮೊದಲ ನಾಲ್ಕು ದಿನ ಮೀಟರ್ ಹಿಂದಕ್ಕೆ ಓಡಿತ್ತು.