ಚೆಕ್-ಇನ್ ಬ್ಯಾಗ್ ತಡೆದದ್ದು ಲ್ಯಾಪ್‌ಟಾಪ್‌ಗಾ?

ಲ್ಯಾಪ್‌ಟಾಪ್ ಇಟ್ಟಿದ್ದ ಚೆಕ್-ಇನ್ ಬ್ಯಾಗನ್ನು ವಿಮಾನ ನಿಲ್ದಾಣದಲ್ಲಿ ತಡೆದರು, ಯಾಕೆ ಅಂತ ಕೇಳಿದ್ದೀರಿ. ತಡೆದದ್ದು ಲ್ಯಾಪ್‌ಟಾಪ್‌ಗಲ್ಲ, ಬಹುಶಃ ಅದರ ಜೊತೆ ನೀವು ಇಟ್ಟಿದ್ದ ಬಿಡಿ ಬ್ಯಾಟರಿಗೆ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್‌ನಲ್ಲಿ ಹೋಗುವಂತಿಲ್ಲ. ವಿಮಾನದ ಕೆಳಭಾಗದಲ್ಲಿ ಸರಕಿನ ನಡುವೆ ಹೊತ್ತಿಕೊಂಡರೆ ಕೈಯಿಟ್ಟು ಆರಿಸುವವರು ಇರುವುದಿಲ್ಲ.

ವಾಪಸ್ ಬರುವಾಗ ಮೊದಲು ಬ್ಯಾಟರಿ ಹಿಂದಿನ ಲೇಬಲ್‌ನಲ್ಲಿ ವ್ಯಾಟ್-ಅವರ್ (Wh, ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತೆ ಅನ್ನುವ ಅಳತೆ) ಹುಡುಕಿ. 11.1 ವೋಲ್ಟ್, 4400 ಎಂಎಎಚ್ ಅಂತಷ್ಟೇ ಇದ್ದರೆ 4400 ಅನ್ನು ಸಾವಿರದಿಂದ ಭಾಗಿಸಿ, ಬಂದ 4.4ರಿಂದ 11.1 ಅನ್ನು ಗುಣಿಸಿ, ಸುಮಾರು 49 ವ್ಯಾಟ್-ಅವರ್ ಬರುತ್ತೆ. 100ರೊಳಗೆ ಸಾಮಾನ್ಯವಾಗಿ ತೊಂದರೆಯಿಲ್ಲ, 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು. ಆಮೇಲೆ ಲೋಹದ ಕನೆಕ್ಟರ್ ಮೇಲೆ ಟೇಪ್ ಅಂಟಿಸಿ, ಪ್ರತ್ಯೇಕ ಕವರಿನಲ್ಲಿ ಹಾಕಿ ಕ್ಯಾಬಿನ್ ಬ್ಯಾಗ್‌ನಲ್ಲಿಡಿ. ಲ್ಯಾಪ್‌ಟಾಪೂ ಅಲ್ಲೇ ಇರಲಿ. ಬ್ಯಾಟರಿ ಸ್ವಲ್ಪ ಉಬ್ಬಿದ್ದರೂ ದಯವಿಟ್ಟು ಒಯ್ಯಲೇಬೇಡಿ. ಗೇಟಿನಲ್ಲಿ ಕ್ಯಾಬಿನ್ ಬ್ಯಾಗನ್ನೂ ಕೆಳಗೆ ಹಾಕಬೇಕೆಂದರೆ ಬ್ಯಾಟರಿ, ಲ್ಯಾಪ್‌ಟಾಪ್ ಎರಡನ್ನೂ ತೆಗೆದುಕೊಂಡೇ ಬ್ಯಾಗ್ ಕೊಡಿ.