ಎತ್ತರ ಜಾಸ್ತಿ ಮಾಡಿಕೊಳ್ಳಲು ಕಾಲಿನ ಮೂಳೆ ಉದ್ದ ಮಾಡುವ ಸರ್ಜರಿ ಮಾಡಿಸಬಹುದಾ? ಅನುಭವ ಇದ್ದವರು ಹೇಳಿ

ನಿಮಗೆ 23 ವರ್ಷ, ಎತ್ತರ 4 ಅಡಿ 10 ಇಂಚು. ಕೆಲಸಕ್ಕೆ ಸೇರಿದಾಗಿನಿಂದ ಕೂಡಿಟ್ಟ ದುಡ್ಡಿನಲ್ಲಿ ಎರಡೂ ಕಾಲಿಗೆ ಸರ್ಜರಿ ಮಾಡಿಸಬೇಕು ಅಂತಿದ್ದೀರಿ, ಮನೆಯಲ್ಲಿ ಇನ್ನೂ ಹೇಳಿಲ್ಲ ಅಂತ ಬರೆದಿದ್ದೀರಿ. ನಾನು 5 ಅಡಿ ಎತ್ತರದವನು. ಎತ್ತರಕ್ಕೋಸ್ಕರ ಈ ಸರ್ಜರಿ ಮಾಡಿಸಿಕೊಂಡವನಲ್ಲ. ಆದರೆ ಬೈಕ್ ಅಪಘಾತದಲ್ಲಿ ಬಲ ಮೊಣಕಾಲಿನ ಕೆಳಗಿನ ಮೂಳೆಯ ಒಂದು ತುಂಡೇ ಹೋಗಿತ್ತು. ಆ ಜಾಗ ತುಂಬಿಸಲು ನನಗೆ ಇದೇ ವಿಧಾನದಲ್ಲಿ ಮೂಳೆ ಬೆಳೆಸಿದರು. ಹಾಗಾಗಿ ನೀವು ಕೇಳಿದ ಎರಡು ವಿಷಯವೂ ನನಗೆ ಗೊತ್ತು: ಗಿಡ್ಡ ಇರೋದು, ಕಾಲಿಗೆ ರಿಂಗ್ ಹಾಕಿಸಿಕೊಂಡಿರೋದು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇಡ. ಬರೀ ನೋವಾಗುತ್ತೆ ಅಂತ ಹೇಳುತ್ತಿಲ್ಲ. ನೋವು ಹೇಗೋ ಕಳೆಯುತ್ತೆ. ನಮ್ಮಷ್ಟು ಎತ್ತರದವರಿಗೆ ಇದರ ಲೆಕ್ಕವೇ ಸರಿಹೋಗಲ್ಲ.

ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ನೋಡಿ. ಮೂಳೆಯನ್ನು ಹುಷಾರಾಗಿ ಕತ್ತರಿಸುತ್ತಾರೆ. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ತಂತಿ, ಪಿನ್ನು ತೂರಿಸಿ ಕಾಲಿನ ಸುತ್ತ ರಿಂಗ್ ಕೂರಿಸುತ್ತಾರೆ. ಐದಾರು ದಿನ ಹಾಗೇ ಬಿಡುತ್ತಾರೆ. ಕತ್ತರಿಸಿದ ಜಾಗದಲ್ಲಿ ದೇಹ ಹೊಸ ಮೂಳೆ ಕಟ್ಟಲು ಶುರು ಮಾಡಿದ ಮೇಲೆ ನಟ್ಟು ತಿರುಗಿಸಿ ಎರಡು ತುದಿಗಳನ್ನು ದೂರ ಸರಿಸುತ್ತಾ ಹೋಗಬೇಕು. ದಿನಕ್ಕೆ 1 ಮಿಲಿಮೀಟರ್, ಅದೂ ಒಂದೇ ಸಲಕ್ಕಲ್ಲ, 0.25 ಮಿಲಿಮೀಟರಿನಂತೆ ನಾಲ್ಕು ಸಲ. ಅವಸರ ಮಾಡಿದರೆ ಮೂಳೆ ಕಟ್ಟಿಕೊಳ್ಳಲ್ಲ, ತೀರಾ ನಿಧಾನ ಮಾಡಿದರೆ ನಡುವೆಯೇ ಕೂಡಿಕೊಂಡುಬಿಡುತ್ತೆ. ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಗವ್ರೀಲ್ ಇಲಿಜರೋವ್ 1950ರ ದಶಕದಿಂದ ಇದನ್ನು ಬೆಳೆಸಿಕೊಂಡು ಬಂದರು. 1964ರ ಒಲಿಂಪಿಕ್ಸ್ ಹೈಜಂಪ್‌ನಲ್ಲಿ ಚಿನ್ನ ಗೆದ್ದ ವಲೆರಿ ಬ್ರುಮೆಲ್ ಮರುವರ್ಷ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡು, ಆಪರೇಷನ್ ಮೇಲೆ ಆಪರೇಷನ್ ಆಗಿ, ಕೊನೆಗೆ ಇವರ ಹತ್ತಿರ ಬಂದು ಮತ್ತೆ ಜಿಗಿಯುವಂತಾದರು. ನಾನು ಇವತ್ತು ನಡೆಯುತ್ತಿರೋದೂ ಈ ವಿಧಾನದಿಂದಲೇ. ಅಪಘಾತವಾದವರಿಗೆ, ಪೋಲಿಯೊದಿಂದ ಕಾಲು ಗಿಡ್ಡ ಆದವರಿಗೆ, ಹುಟ್ಟಿನಿಂದಲೇ ಒಂದು ಕಾಲು ಚಿಕ್ಕದಿರುವ ಮಕ್ಕಳಿಗೆ ಇದು ದೊಡ್ಡ ವರ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊಣಕಾಲಿನ ಕೆಳಗೆ ಸಾಮಾನ್ಯವಾಗಿ 5 ಸೆಂಟಿಮೀಟರ್ ಹತ್ತಿರ ನಿಲ್ಲಿಸುತ್ತಾರೆ. ಅದಕ್ಕಿಂತ ಮುಂದೆ ಹೋದಂತೆ ತೊಂದರೆ ಜಾಸ್ತಿ. 5 ಸೆಂಟಿಮೀಟರ್ ಅಂದರೆ 2 ಇಂಚು. ಎಲ್ಲ ಸರಿಯಾಗಿ ನಡೆದರೆ ನೀವು 5 ಅಡಿ ಆಗುತ್ತೀರಿ, ಅಂದರೆ ನನ್ನಷ್ಟು. ನನ್ನಷ್ಟಾದರೆ ಏನೇನು ಸಿಗುತ್ತೆ ಅಂತ ನಾನೇ ಹೇಳಬಲ್ಲೆ. ಸಿಟಿ ಬಸ್ಸಿನ ಮೇಲಿನ ಕಂಬಿ ಕೈಗೆ ಸಿಗುತ್ತೆ, ಆದರೆ ತುದಿಗಾಲಲ್ಲಿ ನಿಲ್ಲಬೇಕು. ಪ್ಯಾಂಟು ತಗೊಂಡರೆ ಕೆಳಗಡೆ ಕತ್ತರಿಸಿ ಹೊಲಿಸಲೇಬೇಕು. ಹೊಸ ಅಂಗಡಿಗೆ ಹೋದರೆ ಹಿಂದಿನಿಂದ ನೋಡಿದವರು "ಏನ್ ಬೇಕೋ ಪುಟ್ಟಾ" ಅಂತಾರೆ, ತಿರುಗಿದ ಮೇಲೆ "ಸಾರಿ ಸರ್" ಅಂತಾರೆ. ನನಗೆ ಹೆಣ್ಣು ನೋಡುವಾಗ ಮೂರ್ನಾಲ್ಕು ಮನೆಯವರು ಫೋಟೊ ಒಪ್ಪಿ, ನೇರ ನೋಡಿದ ಮೇಲೆ ಸುಮ್ಮನಾದರು. ನಮ್ಮ ದೇಶದಲ್ಲಿ ಗಂಡಸರ ಸರಾಸರಿ ಎತ್ತರ ಸುಮಾರು 5 ಅಡಿ 5 ಇಂಚು. 4 ಅಡಿ 10 ಇಂಚಿನವನನ್ನು ಬೇಡ ಅಂದವರು 5 ಅಡಿಯವನನ್ನೂ ಬೇಡ ಅಂತಾರೆ. ಅದು ನಾನು ಅನುಭವಿಸಿದ ಮಾತು.

ಈ ಸರ್ಜರಿಯಿಂದ ನೋಡುವವರ ಕಣ್ಣಿಗೆ ವ್ಯತ್ಯಾಸ ಕಾಣೋದು 5 ಅಡಿ 5 ಇಂಚಿನವನು 5 ಅಡಿ 7 ಇಂಚು ಆದಾಗ. ಅವನನ್ನು ಯಾರೂ ಗಿಡ್ಡ ಅಂತ ಕರೆದೇ ಇರಲಿಲ್ಲ. ನಿಜವಾಗಿ ಗಿಡ್ಡ ಇರುವ ನಮಗೆ ಸಿಗೋದು ಕಡಿಮೆ, ಕಳೆದುಕೊಳ್ಳೋದು ಮಾತ್ರ ಅವನಷ್ಟೇ. ತೊಡೆಮೂಳೆಯನ್ನೂ ಇನ್ನೊಂದು ಸಲ ಉದ್ದ ಮಾಡಿಸಿದರೆ ನಾಲ್ಕು ಇಂಚು ಬರುತ್ತಲ್ಲ ಅಂತ ನೀವು ಕೇಳಬಹುದು. ಬರುತ್ತೆ. ಮುಂದೆ ಹೇಳುವುದೆಲ್ಲ ಆಗ ಎರಡು ಸಲ.

ರಿಂಗ್ ಇದ್ದ ದಿನಗಳ ಬಗ್ಗೆ ಹೇಳುತ್ತೇನೆ. ನನ್ನ ಕಾಲಿನ ನಟ್ಟು ತಿರುಗಿಸುತ್ತಿದ್ದವರು ನಮ್ಮಮ್ಮ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಸ್ಪ್ಯಾನರ್ ಹಿಡಿದು ನಾಲ್ಕನೇ ಒಂದು ಸುತ್ತು, ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ತಿರುಗಿಸುವಾಗ ಅಷ್ಟೇನೂ ನೋವಾಗಲ್ಲ. ನೋವು ರಾತ್ರಿ ಬರುತ್ತೆ. ಮೂಳೆ ಉದ್ದವಾದಷ್ಟು ಬೇಗ ಮಾಂಸಖಂಡ, ನರ ಉದ್ದವಾಗಲ್ಲ. ಅವು ಎಳೆದು ಕಟ್ಟಿದ ಹಾಗೆ ಬಿಗಿಯಾಗಿರುತ್ತವೆ. ಮಗ್ಗುಲಾಗಲು ಆಗಲ್ಲ. ಒಂದೊಂದು ಪಿನ್ನಿನ ಬುಡವನ್ನೂ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒರೆಸಬೇಕು. ಒಂದು ಕಡೆ ಕೆಂಪಾಗಿ ಕೀವು ಕಂಡರೆ ಆಂಟಿಬಯೋಟಿಕ್. ಪಂಚೆ ಬಿಟ್ಟು ಬೇರೇನೂ ತೊಡಲು ಆಗುತ್ತಿರಲಿಲ್ಲ. ನಮ್ಮ ಮನೆಯ ಹಳೇ ಟಾಯ್ಲೆಟ್ಟಿನಲ್ಲಿ ಕೂರಲಾಗದೆ ಅಣ್ಣ ಕಮೋಡ್ ಕುರ್ಚಿ ತಂದ. ಇಷ್ಟಾದರೂ ನನಗೆ ಒಂದು ಅನುಕೂಲ ಇತ್ತು: ಎಡಗಾಲು ಚೆನ್ನಾಗಿತ್ತು. ಅದರ ಮೇಲೆ ನಿಂತು, ವಾಕರ್ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಎತ್ತರಕ್ಕೆ ಮಾಡಿಸುವವರಿಗೆ ಎರಡೂ ಕಾಲಿನ ಮೂಳೆ ಕತ್ತರಿಸಿರುತ್ತಾರೆ. ಊರುವುದಕ್ಕೆ ಒಳ್ಳೆಯ ಕಾಲು ಅಂತ ಒಂದೂ ಇರಲ್ಲ. ಮನೆಯವರಿಗೆ ಹೇಳದೆ ಮಾಡಿಸುತ್ತೇನೆ ಅಂತಿದ್ದೀರಲ್ಲ, ನಿಮ್ಮನ್ನು ಎತ್ತಿ ಕೂರಿಸುವವರು ಯಾರು?

ಸಮಯದ ಅಂದಾಜೂ ಇರಲಿ. 5 ಸೆಂಟಿಮೀಟರಿಗೆ ಎಳೆಯುವುದೇ 50 ದಿನ. ಆದರೆ ಎಳೆದ ಜಾಗದಲ್ಲಿ ಬಂದಿರುವುದು ಮೆತ್ತನೆಯ ಎಳೇ ಮೂಳೆ. ಅದು ಗಟ್ಟಿಯಾಗಲು ಎಳೆದದ್ದಕ್ಕಿಂತ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಮಯ ಬೇಕು. ಬರೀ ರಿಂಗ್ ಹಾಕಿದರೆ ಐದಾರು ತಿಂಗಳು ಅದು ಕಾಲಲ್ಲೇ. ಸರಾಗ ನಡೆಯಲು, ಓಡಲು ವರ್ಷವೇ ಹಿಡಿಯಬಹುದು. ಸಿಗರೇಟು ಸೇದುವವರಿಗೆ ಮೂಳೆ ಕಟ್ಟೋದು ಇನ್ನೂ ತಡ.

ಆಗಬಹುದಾದ ತೊಂದರೆಗಳಲ್ಲಿ ನಾನು ಕಂಡದ್ದು ಪಾದದ್ದು. ಮೀನಖಂಡ, ಅದನ್ನು ಹಿಮ್ಮಡಿಗೆ ಕೂಡಿಸುವ ಗಟ್ಟಿ ಪಟ್ಟಿ (ಟೆಂಡನ್) ಬಿಗಿದುಕೊಂಡು ಪಾದ ಕೆಳಗೆ ವಾಲಿಬಿಡುತ್ತೆ, ಹಿಮ್ಮಡಿ ನೆಲಕ್ಕೆ ಊರಲ್ಲ. ದಿನಾ ಟವೆಲ್ ಹಾಕಿ ಪಾದ ಮೇಲಕ್ಕೆ ಎಳೆಯಬೇಕು, ಕಣ್ಣಲ್ಲಿ ನೀರು ಬಂದರೂ ಬಿಡಬಾರದು. ನನ್ನ ಬಲ ಪಾದ ಇವತ್ತಿಗೂ ಎಡದಷ್ಟು ಮೇಲಕ್ಕೆ ಬಗ್ಗಲ್ಲ. ಊಟಕ್ಕೆ ಚಕ್ಕಳಮಕ್ಕಳ ಕೂರುತ್ತೇನೆ, ಕುಕ್ಕರಗಾಲಲ್ಲಿ ಕೂರಲು ಆಗಲ್ಲ. ಕೆಲವರಿಗೆ ಪಾದ ಎತ್ತುವ ನರಕ್ಕೇ ಪೆಟ್ಟಾಗುತ್ತೆ. ಕೆಲವರಿಗೆ ಮೂಳೆ ಸೊಟ್ಟ ಬೆಳೆಯುತ್ತೆ, ಇಲ್ಲವೇ ಕೂಡೋದೇ ಇಲ್ಲ. ಆಗ ಇನ್ನೊಂದು ಆಪರೇಷನ್, ಸೊಂಟದ ಮೂಳೆಯಿಂದ ಚೂರು ತೆಗೆದು ಆ ಜಾಗಕ್ಕೆ ಇಡೋದು. ಇವೆಲ್ಲ ಅಪರೂಪ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿಕ್ಕದೋ ದೊಡ್ಡದೋ ಒಂದು ತೊಂದರೆ ಬಂದೇ ಬರುತ್ತೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು.

ಈಗ ಮೂಳೆಯ ಒಳಗೇ ಕೂರುವ ಮ್ಯಾಗ್ನೆಟ್ ರಾಡ್ ಬಂದಿದೆ. ಹೊರಗಿನಿಂದ ಒಂದು ಯಂತ್ರ ಹಿಡಿದರೆ ಒಳಗಿನ ರಾಡ್ ಉದ್ದವಾಗುತ್ತೆ. ಪಿನ್ನಿನ ಕೀವು, ರಿಂಗಿನ ಕಾಟ ತಪ್ಪುತ್ತೆ, ಅದು ನಿಜ. ಆದರೆ ಮಾಂಸಖಂಡ, ನರ ಬಿಗಿಯೋದು ಅದರಲ್ಲೂ ಅಷ್ಟೇ. ಮೂಳೆ ಗಟ್ಟಿಯಾಗುವವರೆಗೆ ಪೂರ್ತಿ ಭಾರ ಹಾಕುವ ಹಾಗಿಲ್ಲ, ರಾಡ್ ತೆಗೆಯಲು ಮತ್ತೆ ಆಪರೇಷನ್. ಮೊದಲಿನಿಂದಲೇ ಭಾರ ಹಾಕಬಹುದು ಅಂತ ಮಾರುಕಟ್ಟೆಗೆ ಬಂದಿದ್ದ ಸ್ಟ್ರೈಡ್ ಅನ್ನುವ ಉಕ್ಕಿನ ರಾಡನ್ನು 2021ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ರಾಡ್ ಸವೆದು ಅದರ ಸುತ್ತಲಿನ ಮೂಳೆಯಲ್ಲಿ ಬದಲಾವಣೆ ಕಂಡಿತ್ತು. ಚೀನಾ ಅಂತೂ 2006ರಲ್ಲೇ ಬರೀ ಎತ್ತರಕ್ಕಾಗಿ ಮಾಡುವ ಈ ಸರ್ಜರಿಯನ್ನು ನಿಷೇಧಿಸಿತು. ನಮ್ಮಲ್ಲಿ ನಿಷೇಧ ಇಲ್ಲ, ಖರ್ಚು ಮಾತ್ರ ಹಲವು ಲಕ್ಷ. ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ದುಡ್ಡು ಕೊಡಲ್ಲ. ಆಮೇಲೆ ತೊಂದರೆಯಾಗಿ ಮತ್ತೆ ಆಪರೇಷನ್ ಬೇಕಾದರೆ ಅದೂ ಬಹುಮಟ್ಟಿಗೆ ನಿಮ್ಮ ತಲೆ ಮೇಲೇ.

ನಿಮಗೆ ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ ನೋಡಿ. ಶೂ ಒಳಗೆ ಹಿಮ್ಮಡಿ ಎತ್ತರಿಸುವ ಇನ್ಸೋಲ್ ಸಿಗುತ್ತೆ, ಒಳಗೇ ಎತ್ತರ ಇರುವ ಶೂ ಕೂಡ ಸಿಗುತ್ತೆ. 5 ಸೆಂಟಿಮೀಟರಿಂದು ತಗೊಳ್ಳಿ. ಹೊಸ ಜಾಗಕ್ಕೆ, ನಿಮ್ಮನ್ನು ನೋಡೇ ಇರದ ಜನರ ನಡುವೆ ಅದನ್ನು ಹಾಕಿಕೊಂಡು ಓಡಾಡಿ. ಒಂದೆರಡು ತಿಂಗಳು. ಸರ್ಜರಿ ಕೊಡುವ ಎತ್ತರ ಅಷ್ಟೇ. ಜನ ಮಾತಾಡಿಸುವ ರೀತಿ ಬದಲಾಯಿತಾ? ನಿಮ್ಮನ್ನು ರಾತ್ರಿ ನಿದ್ದೆಗೆಡಿಸುವ ಮಾತುಗಳಲ್ಲಿ ಯಾವುದಾದರೂ ನಿಂತಿತಾ? ನಿಂತಿದ್ದರೆ ಶೂನಲ್ಲೇ ಕೆಲಸ ಆಯಿತು. ನಿಂತಿಲ್ಲ ಅಂದರೆ ಮೂಳೆ ಕತ್ತರಿಸಿದರೂ ನಿಲ್ಲಲ್ಲ. ಆ ಮಾತುಗಳು ದಿನಪೂರ್ತಿ ತಲೆಯಲ್ಲಿ ತಿರುಗುತ್ತಿದ್ದರೆ, ಕನ್ನಡಿ ನೋಡಲೂ ಮನಸ್ಸಾಗದಿದ್ದರೆ ಮನೋವೈದ್ಯರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತೆ. ಒಳ್ಳೆಯ ಮೂಳೆ ವೈದ್ಯರು ಈ ಸರ್ಜರಿಗೆ ಒಪ್ಪುವ ಮುಂಚೆ ತಾವೇ ಅಲ್ಲಿಗೆ ಕಳಿಸುತ್ತಾರೆ.

ಇನ್ನೊಂದು, ನೀವು ಪ್ರಶ್ನೆಯಲ್ಲಿ ಬರೆದೇ ಇಲ್ಲ: ನಿಮ್ಮ ಎತ್ತರ ಯಾಕೆ ಇಷ್ಟಕ್ಕೆ ನಿಂತಿತು ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಅಪ್ಪ ಅಮ್ಮ ಗಿಡ್ಡ ಇದ್ದರೆ ಒಂದು ಮಾತು. ಅವರು ಸಾಧಾರಣ ಎತ್ತರ ಇದ್ದು ನೀವೊಬ್ಬರೇ ಹೀಗಿದ್ದರೆ ಎಂಡೋಕ್ರೈನಾಲಜಿಸ್ಟ್‌ಗೆ, ಅಂದರೆ ಹಾರ್ಮೋನ್ ವೈದ್ಯರಿಗೆ ತೋರಿಸಲೇಬೇಕು. ಎಡಗೈ ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆದರೆ ಮೂಳೆ ಬೆಳೆಯುವ ತುದಿ ಮುಚ್ಚಿದೆಯಾ ಗೊತ್ತಾಗುತ್ತೆ. ಗಂಡುಮಕ್ಕಳಿಗೆ ಸಾಮಾನ್ಯವಾಗಿ ಹದಿನೇಳು ಹದಿನೆಂಟಕ್ಕೆಲ್ಲ ಮುಚ್ಚಿರುತ್ತೆ. ಹಾರ್ಮೋನ್ ಕೊರತೆಯಿಂದ ಮೈನೆರೆಯುವುದೇ ತಡವಾದವರಲ್ಲಿ ಇನ್ನೂ ತೆರೆದಿರಬಹುದು. ತೆರೆದಿದ್ದರೆ ಔಷಧಿಯ ದಾರಿ ಇದೆ. ಮುಚ್ಚಿದ್ದರೆ ಯಾವ ಪುಡಿ, ಮಾತ್ರೆ, ನೇತಾಡುವ ವ್ಯಾಯಾಮದಿಂದಲೂ ಎತ್ತರ ಬರಲ್ಲ, ಅಂಥ ಜಾಹೀರಾತಿಗೆ ದುಡ್ಡು ಹಾಕಬೇಡಿ. ಹಾರ್ಮೋನ್ ಕೊರತೆ ಇದ್ದು ಅದು ಗೊತ್ತಾಗದೇ ಹೋದರೆ ಎತ್ತರ ಒಂದೇ ಅಲ್ಲ, ಮೂಳೆಯ ಗಟ್ಟಿತನ, ಮುಂದೆ ಮಕ್ಕಳಾಗೋದು ಎಲ್ಲಕ್ಕೂ ತೊಂದರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಗೊತ್ತಿರಲಿ. ವೈದ್ಯಕೀಯ ಅಥವಾ ವಂಶವಾಹಿ ಕಾರಣದಿಂದ ದೊಡ್ಡವರಾದ ಮೇಲೂ ಎತ್ತರ 147 ಸೆಂಟಿಮೀಟರ್, ಅಂದರೆ 4 ಅಡಿ 10 ಇಂಚು, ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ಕಾಯ್ದೆ ಕುಬ್ಜತೆ ಅಂತ ಪಟ್ಟಿ ಮಾಡಿದೆ. ನೀವು ಸರಿಯಾಗಿ ಆ ಗೆರೆಯ ಮೇಲಿದ್ದೀರಿ. ಶೇಕಡಾ ಎಷ್ಟು ಅಂತ ಮೆಡಿಕಲ್ ಬೋರ್ಡ್ ನಿರ್ಧರಿಸುತ್ತೆ, ಸರ್ಕಾರಿ ಕೆಲಸದ ಮೀಸಲಾತಿಗೆ ಶೇ. 40 ಬೇಕು. ಬರೀ ನಿಮ್ಮ ಎತ್ತರಕ್ಕೆ ಅಷ್ಟು ಸಿಗುವುದು ಕಷ್ಟ. ಆದರೂ ಕಾರಣ ಪತ್ತೆಯಾದರೆ ವಿಚಾರಿಸಿ. ನಾಚಿಕೆ ಬೇಡ, ಅದು ನಿಮ್ಮ ಹಕ್ಕು.

ಇಷ್ಟೆಲ್ಲ ಓದಿದ ಮೇಲೂ ಮಾಡಿಸಲೇಬೇಕು ಅನಿಸಿದರೆ ಡಾಕ್ಟರ ಮುಂದೆ ಹೀಗೆ ಕೇಳಿ. ಎರಡೂ ಕಾಲು ಒಟ್ಟಿಗೆ ಉದ್ದ ಮಾಡಿದ ಕೇಸ್ ಎಷ್ಟು ನೋಡಿದ್ದೀರಿ, ಅದರಲ್ಲಿ ಮತ್ತೆ ಆಪರೇಷನ್ ಎಷ್ಟು ಜನಕ್ಕೆ ಆಯಿತು, ಮಾಡಿಸಿಕೊಂಡು ಎರಡು ವರ್ಷ ಕಳೆದ ಒಬ್ಬರ ಜೊತೆ ಮಾತಾಡಿಸುತ್ತೀರಾ, ಫಿಸಿಯೋಥೆರಪಿ ಎಷ್ಟು ತಿಂಗಳು, ಅದರ ಖರ್ಚು ಹೇಳಿದ ಮೊತ್ತದಲ್ಲಿ ಸೇರಿದೆಯಾ. ಇದಕ್ಕೆ ಸರಿಯಾಗಿ ಉತ್ತರ ಕೊಡದೆ ಮುಂಗಡ ಕಟ್ಟಿ ಅನ್ನುವ ಜಾಗದಿಂದ ಎದ್ದು ಬನ್ನಿ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಒಬ್ಬರಿಗಾದರೂ ಮೊದಲೇ ಹೇಳಿ. ಮಣಿಕಟ್ಟಿನ ಎಕ್ಸ್‌ರೇ ಈ ವಾರವೇ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.